ಮಾವನವರ ಹಣೆಗೆ ಗೋಡೆಯ ಪುಟ್ಟಿ

ನಮ್ಮ ಉಮಾಶ್ರೀಯ ಅಪ್ಪನವರಿಗೆ,

ಮಾವನವರನ್ನು ಕರೆದುಕೊಂಡು ರಾಯಚೂರಿನ ದವಾಖಾನೆಗೆ ಹೊರಟಿದ್ದೇನೆ. ಬುಟ್ಟಿಯಲ್ಲಿ ಮೇಲಿನೆರಡು ರೊಟ್ಟಿ ಬಿಟ್ಟು ತಿನ್ನಿರಿ; ಅವಕ್ಕೆ ನೀವು ತಿಕ್ಕಿದ ತೇಗದ ಹಲಗೆಯ ಪುಡಿ ಹತ್ತಿದೆ.

ನಿನ್ನೆ ದೇವರಮನೆಯ ಗೋಡೆಗೆ ಮೆತ್ತಿದ ಬಿಳಿ ಪುಟ್ಟಿಯನ್ನು ಮಷೀನಿನಿಂದ ತಿಕ್ಕಿದಿರಲ್ಲ, ಅದರ ಧೂಳು ವಿಭೂತಿ ತಟ್ಟೆ ತುಂಬ ಕೂತಿತ್ತು. ಬೆಳಿಗ್ಗೆ ಮಾವನವರು ಅದನ್ನೇ ಮೂರು ಬೆರಳಲ್ಲಿ ಬಳಿದುಕೊಂಡರು. “ಯವ್ವಾ, ಇವತ್ತ ವಿಭೂತಿ ಯಾಕೋ ಗಂಟಲಾ ಹಿಡಿಯಾಕತ್ತದ” ಎಂದರು. ವಚನ ಒಂದು ಸಾಲೂ ಮುಗಿಯಲಿಲ್ಲ. ಈ ಮನೆಗೆ ಬಂದಾಗಿನಿಂದ ಅವರ ವಚನ ಕೇಳದೆ ಒಲೆ ಹಚ್ಚಿದವಳಲ್ಲ ನಾನು. ಇಂದು ಬರೀ ಕೆಮ್ಮು ಕೇಳಿ ಹಚ್ಚಿದೆ.

ಧೂಳು ಹೀರುವ ಮಷೀನು ಯಾವುದು ಒಳ್ಳೆಯದೆಂದು ಮೂರು ತಿಂಗಳಿಂದ ಮೊಬೈಲು ನೋಡುತ್ತಿದ್ದೀರಿ. ನನ್ನನ್ನು ನೋಡಲು ಬಂದಾಗ ಮಾತ್ರ ಚಹಾ ಆರುವುದರೊಳಗೆ ಒಪ್ಪಿಬಿಟ್ಟಿರಿ! ಸಣ್ಣ ಧೂಳು ತಡೆಯುವ ಫಿಲ್ಟರ್ ಇರಲಿ, ಪೈಪು ನಿಮ್ಮ ತಿಕ್ಕುವ ಮಷೀನಿಗೆ ಕೂಡಲಿ. ಬಟ್ಟೆ ಚೀಲದ್ದು ಬೇಡ, ಅದು ಮುಂದೆ ಹೀರಿ ಹಿಂದೆ ಊದುತ್ತದೆ.

ಸಂಜೆ ನಾವು ರಾಯಚೂರಿನಲ್ಲಿ ಐದರ ಬಸ್ಸು ಹತ್ತುವುದರೊಳಗೆ ಮಷೀನು ತಂದು ಫೋನು ಮಾಡಿರಿ. ಇಲ್ಲದಿದ್ದರೆ ನಮ್ಮೂರು ಮಾನ್ವಿಯಲ್ಲಿ ಇಳಿಯುವುದಿಲ್ಲ, ನೇರ ಪೋತ್ನಾಳದ ನನ್ನ ತವರಿಗೆ ಹೋಗುತ್ತೇವೆ. ಮಗನಿದ್ದೂ ಬೀಗರ ಮನೆಗೆ ಯಾಕೆ ಬಂದರೆಂದು ಯಾರಾದರೂ ಕೇಳಿದರೆ, ಇದ್ದದ್ದು ಇದ್ದಹಾಗೆ ಹೇಳುತ್ತೇನೆ.

ಸೂಗಮ್ಮ