ಹಂಚಿನ ಕಾರ್ಖಾನೆಯ ನಲವತ್ತೊಂದು ನಿಮಿಷ

ಕಡಲೇರಿದ ನೂರಾ ಎಂಬತ್ತೇಳನೆಯ ವರ್ಷ, ಎರಡನೆಯ ಮಳೆಗಾಲದ ಒಂಬತ್ತನೆಯ ದಿನ

ಗೌರವಾನ್ವಿತ ಜಲಜಾಕ್ಷಿ ಅವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಮಾತನ್ನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು ನಾನು, ತಪ್ಪಿದ್ದರೆ ಕ್ಷಮಿಸಿ. ನನ್ನ ಹೆಸರು ಹೊನ್ನಿಲೆ. ಘಟ್ಟದ ಮೇಲಿನ ದನಿಮನೆಯಲ್ಲಿ, ಅಂದರೆ ಹಿಂದಿನವರ ಧ್ವನಿಗಳನ್ನು ಕಾಪಾಡುವ ಕಟ್ಟಡದಲ್ಲಿ ಕೆಲಸ ಮಾಡುತ್ತೇನೆ. ಕಡಲು ನಿಮ್ಮ ಮಂಗಳೂರಿನ ಬೀದಿಗಳಿಗೆ ಬಂದಾಗ ಜನ ಕೈಗೆ ಸಿಕ್ಕಿದ್ದನ್ನು ಹೊತ್ತು ಮೇಲೆ ಹತ್ತಿದರಂತೆ. ಹಾಗೆ ತಂದ ಧ್ವನಿಮುದ್ರಣಗಳ ಪೆಟ್ಟಿಗೆಗಳು ಈಗಲೂ ಮುಗಿದಿಲ್ಲ. ಬೆಳಿಗ್ಗೆ ಗಾಳಿಚಕ್ರ ತಿರುಗಿ ವಿದ್ಯುತ್ತು ಬರುವವರೆಗೆ ನಾವು ಗಂಜಿ ಕುಡಿದು, ಅವುಗಳ ಬೂಷ್ಟು ಒರೆಸುತ್ತೇವೆ. ಆಮೇಲೆ ಒಂದೊಂದೇ ಧ್ವನಿಮುದ್ರಣವನ್ನು ಸೋಸುಗಕ್ಕೆ ಹಾಕುತ್ತೇವೆ. ಸೋಸುಗವೆಂಬ ಯಂತ್ರ ಗದ್ದಲವನ್ನು ತೆಗೆದು ಮಾತನ್ನೂ ಹಾಡನ್ನೂ ಮಾತ್ರ ಬಿಡುತ್ತದೆ. ಜಾಗ ಕಡಿಮೆಯಾದ್ದರಿಂದ ಸೋಸಿದ್ದನ್ನು ಇಟ್ಟುಕೊಂಡು ಮೂಲವನ್ನು ಅಳಿಸುವುದು ಇಲ್ಲಿನ ನಿಯಮ.

ಕಳೆದ ವಾರ ನಿಮ್ಮದು ನನ್ನ ಕೈಗೆ ಬಂತು. ನಲವತ್ತೊಂದು ನಿಮಿಷದ್ದು, ಮೇಲೆ ನುಡಿಸಿದ ನಿಮ್ಮ ಮೂವರ ಹೆಸರಿತ್ತು. ಸೋಸಿದ ಮೇಲೆ ಅದರಲ್ಲಿ ಉಳಿದದ್ದು ಒಂದು ಕೆಮ್ಮು ಮತ್ತು ನಾಲ್ಕಾರು ಮಾತು. ಯಂತ್ರ ಕೆಟ್ಟಿರಬೇಕೆಂದುಕೊಂಡು ಮೂಲವನ್ನೇ ಹಾಕಿ ಕೇಳಿದೆ.

ಮೊದಲಿಗೆ ಗಿಟಾರಿನ ಐವನ್ ಲೋಬೊ ಅವರ ಮಾತು. ಮುಚ್ಚಿದ ಹಂಚಿನ ಕಾರ್ಖಾನೆಗೆ ಆ ಮಧ್ಯಾಹ್ನದ ಬಿಸಿಲಲ್ಲಿ ಹದಿನೇಳು ಮಂದಿ ಬಂದದ್ದಕ್ಕೆ ಅವರು ವಂದನೆ ಹೇಳುತ್ತಾರೆ. "ಜಲಜಕ್ಕ ಇಪ್ಪತ್ತು ವರ್ಷ ಉತ್ಸವದಲ್ಲಿ, ಮದುವೆಯಲ್ಲಿ ಸ್ಯಾಕ್ಸೋಫೋನ್ ನುಡಿಸಿದವರು. ಮುಖದ ಒಂದು ಬದಿಗೆ ಪಾರ್ಶ್ವವಾಯು ಆದ ಮೇಲೆ, ಸ್ವರ ನಿಲ್ಲುವುದಿಲ್ಲ ಅಂತ ಮೇಳದವರು ಬೇಡ ಅಂದ್ರು. ಎರಡು ವರ್ಷದ ನಂತರ ಇವತ್ತೇ ಮೊದಲು. ನಾವು ಎಂತ ನುಡಿಸ್ತೇವೆ ಅಂತ ನಮಗೂ ಗೊತ್ತಿಲ್ಲ." ಯಾರೋ ನಕ್ಕರು. ಅಷ್ಟರಲ್ಲಿ ಹಸೈನಾರ್ ಅವರ ಡ್ರಮ್ಸ್, ಹಂಚಿನ ರಾಶಿ ಕುಸಿದಂತೆ ಶುರುವಾಯಿತು.

ನಾನು ಹೆದರಿದೆ, ಒಪ್ಪಿಕೊಳ್ಳುತ್ತೇನೆ. ರಾಗವಿಲ್ಲ, ಹಿಡಿಯಲು ತಾಳವಿಲ್ಲ. ಐವನ್ ಗಿಟಾರನ್ನು ಸ್ಪೀಕರಿನ ಎದುರಿಗೇ ಹಿಡಿದು ಅದು ಅರಚುವಂತೆ ಮಾಡುತ್ತಿದ್ದರು. ಅದರ ನಡುವೆ ನೀವು. ಒಂದು ಸ್ವರ ಹಿಡಿಯಲು ಹೋಗುತ್ತೀರಿ, ಅರ್ಧ ತುಟಿ ಮಾತು ಕೇಳುವುದಿಲ್ಲ, ಗಾಳಿ ಸೋರಿ ಸ್ವರ ಸೀಳುತ್ತದೆ. ಮತ್ತೆ ಅದೇ ಸ್ವರಕ್ಕೆ ಹೋಗುತ್ತೀರಿ. ಎಣಿಸಿದೆ, ಹನ್ನೊಂದು ಸಲ. ಇಪ್ಪತ್ತೆರಡನೆಯ ನಿಮಿಷದಲ್ಲಿ ಸ್ಯಾಕ್ಸೋಫೋನ್ ನಿಂತೇಹೋಯಿತು. ಡ್ರಮ್ಸ್ ತಗ್ಗಿತು.

"ಜಲಜಕ್ಕ, ಬೇಕಾದ್ರೆ ಸ್ವಲ್ಪ ಕೂತ್ಕೊಳ್ಳಿ," ಎಂದರು ಹಸೈನಾರ್.

"ಕೂತ್ಕೊಳ್ಳಲಿಕ್ಕೆ ಬಂದದ್ದಾ ನಾನು? ನೀನು ಬಾರಿಸು ಮಾರಾಯ," ಎಂದಿರಿ ನೀವು.

ಅಲ್ಲಿಂದ ಮುಂದೆ ನೀವು ಸರಿಯಾದ ಸ್ವರವನ್ನು ಹುಡುಕಲಿಲ್ಲ. ಸೀಳಿದ್ದನ್ನೇ ಹಿಡಿದಿರಿ, ಹಿಗ್ಗಿಸಿದಿರಿ, ಸೋರುವ ಗಾಳಿಯನ್ನೂ ನುಡಿಸಿದಿರಿ. ಐವನ್ ತಮ್ಮ ಅರಚಾಟವನ್ನು ಅದೇ ಸೀಳಿಗೆ ತಂದು ನಿಲ್ಲಿಸಿದರು. ನಿಮ್ಮ ಉಸಿರು ಮುಗಿಯುವಲ್ಲೆಲ್ಲ ಹಸೈನಾರ್ ಒಂದು ಪೆಟ್ಟು ಕೊಟ್ಟು ದಾಟಿಸಿದರು. ನಿಮ್ಮ ಮೇಲಿನ ಕನಿಕರಕ್ಕೆ ಯಾರೂ ಸದ್ದು ತಗ್ಗಿಸಲಿಲ್ಲ. ಒಬ್ಬರಿಗೊಬ್ಬರು ಇಷ್ಟು ಗೌರವ ಕೊಟ್ಟದ್ದನ್ನು ನಾನು ಯಾವ ಸಂಗೀತದಲ್ಲೂ ಕೇಳಿರಲಿಲ್ಲ.

ನಮ್ಮ ಹಿರಿಯರಾದ ಬೊಮ್ಮಣ್ಣ ಅಳಿಸುವ ಪಟ್ಟಿ ಹಿಡಿದು ಬಂದರು. "ಇದು ಕೆಟ್ಟುಹೋಗಿದೆ, ತೆಗೆದುಬಿಡು."

"ಕೆಟ್ಟಿಲ್ಲ ಬೊಮ್ಮಣ್ಣ. ಇವರು ನುಡಿಸಿದ್ದೇ ಹೀಗೆ."

"ಸೋಸುಗಕ್ಕೆ ತಿಳಿಯದ್ದು ನಿನಗೆ ತಿಳಿಯಿತಾ?"

"ಒಂದು ಸಲ ಕೇಳಿ, ಆಮೇಲೆ ಹೇಳಿ."

ನಿಂತುಕೊಂಡೇ ಕೇಳತೊಡಗಿದ ಅವರು ನಿಮ್ಮ "ಕೂತ್ಕೊಳ್ಳಲಿಕ್ಕೆ ಬಂದದ್ದಾ" ಎಂಬ ಮಾತು ಬಂದಾಗ ಕುರ್ಚಿ ಎಳೆದು ಕುಳಿತರು. ಕೊನೆಗೆ, "ಸರಿ, ಆದರೆ ಜಾಗ?" ಎಂದಷ್ಟೇ ಕೇಳಿದರು.

ಇಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಸ್ವಂತದ ಧ್ವನಿಗಳಿಗೆಂದು ಒಂದು ಗಂಟೆಯ ಜಾಗವಿರುತ್ತದೆ. ನನ್ನದರಲ್ಲಿ ತೀರಿಕೊಂಡ ಅಜ್ಜಿ ಇದ್ದಳು. ಬಹುಪಾಲು ಬೀಜಗಳ ಹೆಸರು ಹೇಳುವುದು, ಯಾವುದನ್ನು ಯಾವಾಗ ಬಿತ್ತಬೇಕೆಂಬುದು. ಉಳಿದದ್ದು ನನ್ನನ್ನು ಬೈಯುವುದು. ಎರಡು ದಿನ ಕೂತು ಬೀಜದ ಹೆಸರುಗಳನ್ನೆಲ್ಲ ಕಾಗದಕ್ಕೆ ಬರೆದುಕೊಂಡೆ. ಬೈಗುಳಕ್ಕೆ ಹತ್ತೊಂಬತ್ತು ನಿಮಿಷ ಇಟ್ಟುಕೊಂಡು ಮಿಕ್ಕಿದ್ದನ್ನು ನಿಮಗೆ ಬಿಟ್ಟುಕೊಟ್ಟೆ. ಅಳಿಸುವಾಗ ಅತ್ತೆ. ಪಶ್ಚಾತ್ತಾಪವಿಲ್ಲ.

ಈಗ ನೀವು ಸೋಸದೆ ಇಲ್ಲಿದ್ದೀರಿ. ಬಿಡುವಾದಾಗ ಬೊಮ್ಮಣ್ಣ ತಾವಾಗಿಯೇ ಬಂದು "ಹಾಕು" ಎನ್ನುತ್ತಾರೆ.

ಒಂದು ಕೋರಿಕೆ. ಕಟ್ಟಕಡೆಗೆ, ಗಿಟಾರೂ ಡ್ರಮ್ಸೂ ನಿಂತ ಮೇಲೆ, ನಿಮ್ಮ ಕಡೆಯಿಂದ ಒಂದು ಸಣ್ಣ ಸದ್ದು ಬರುತ್ತದೆ. ಬೊಮ್ಮಣ್ಣ ಅದು ಸ್ಯಾಕ್ಸೋಫೋನ್ ಎನ್ನುತ್ತಾರೆ. ನಾನು ನಿಮ್ಮ ನಗು ಎನ್ನುತ್ತೇನೆ. ಇದಕ್ಕಾಗಿ ಎರಡು ಸಲ ಜಗಳವಾಡಿದ್ದೇವೆ. ಈ ಕಾಗದ ಹೇಗಾದರೂ ನಿಮ್ಮನ್ನು ಮುಟ್ಟಿದರೆ ಯಾವುದೆಂದು ತಿಳಿಸಿ. ಮುಟ್ಟದಿದ್ದರೂ ಚಿಂತೆಯಿಲ್ಲ, ನಾವು ಮತ್ತೆ ಕೇಳುತ್ತೇವೆ.

ನಿಮ್ಮನ್ನು ಕೇಳಿದವಳು,
ಹೊನ್ನಿಲೆ