ಕಡಲ್ಬೆಟ್ಟದ ಗೇಟು

ಹಾಸನ
ಸೋಮವಾರ, 10-11-2025

ಚಿ. ಸೌ. ಧನ್ಯಾಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ನಾನೂ ನನ್ನ ಮಂಡಿಯೂ ಕ್ಷೇಮ; ಮಂಡಿ ಮಾತ್ರ ಒಪ್ಪುವುದಿಲ್ಲ. ಬರೆಯೋದು ತಡವಾಯಿತು, ಬೈಕೋಬೇಡ. ಫೋನು ಮಾಡಿದರೆ ನಿಮ್ಮತ್ತೆ ಸ್ಪೀಕರಿಗೆ ಹಾಕುತ್ತಾರೆ. ಅದಕ್ಕೇ ಈ ಕಾಗದ, ಕೋಡುಬಳೆ ಡಬ್ಬದ ತಳದಲ್ಲಿ, ಡ್ರೈವರ್ ಗುಂಡಯ್ಯನ ಕೈಲಿ. ತಳ ಮುಟ್ಟೋಳು ನೀನೊಬ್ಬಳೇ ಆಗಿರಲಿ ಅಂತ ಖಾರ ಜಾಸ್ತಿ ಹಾಕಿದ್ದೇನೆ.

ವ್ಯಾಪಾರ ಚೆನ್ನಾಗಿದೆ. ಬಸ್ ಸ್ಟ್ಯಾಂಡಿನ ಮುಂದೆ ಚಿತ್ರಾನ್ನ ಮಾರುತ್ತಿದ್ದ ನಿಮ್ಮವ್ವ ಈಗ ಭಾನುವಾರ ಬಂತೆಂದರೆ ವ್ಯಾನು ತುಂಬ ಜನರನ್ನು ಕಡಲ್ಬೆಟ್ಟ ಹತ್ತಿಸುತ್ತಾಳೆ. ತುದಿಯಿಂದ ಕಡಲು ಕಾಣುತ್ತೆ ಅಂತ ಕರೆದೊಯ್ಯೋದು. ಮಂಜು ಕವಿದಿದ್ದರೆ, "ಅದರ ಹಿಂದ್ಗಡೆನೇ ಐತೆ ಕಣಮ್ಮ, ಎಲ್ಲೂ ಓಗಿಲ್ಲ" ಅನ್ನೋದು.

ಹೋದ ಮಳೆಗಾಲ ಸರ್ಕಾರದ ದಾರಿ ಜರಿದು ಬಿದ್ದಮೇಲೆ ಉಳಿದದ್ದು ನಿಮ್ಮ ಮಾವನವರ ಅಂಗಳದಿಂದ ಹತ್ತುವ ದಾರಿಯೊಂದೇ. ಬೀಗರು ಅಂತ ನನ್ನ ವ್ಯಾನಿಗೆ ಮಾತ್ರ ಗೇಟು ತೆಗೆಯುತ್ತಾರೆ. ದುದ್ದದ ಮನೋಹರನಿಗೂ ವ್ಯಾನಿದೆ, ಅವನಿಗೆ ಹೊಟ್ಟೆಯುರಿ. ಮೊನ್ನೆ ಅಂದ: "ಮಗಳ ಕೊಟ್ಟು ಬೆಟ್ಟ ಇಸ್ಕಂಡೆ ಕಣಕ್ಕ." ನಗುತ್ತಾ ಅವನ ಟೀ ದುಡ್ಡೂ ನಾನೇ ಕೊಟ್ಟೆ. ದಾರಿ ಜರಿದದ್ದು ನಿನ್ನ ಮದುವೆಯಾದ ಮೇಲೆ. ಆದರೆ ಲಾಭ ಬಂದವಳ ಮಾತನ್ನು ಯಾರು ನಂಬುತ್ತಾರೆ?

ಗೌರಿ ಹಬ್ಬಕ್ಕೂ ನಿನ್ನ ಕಳಿಸಲಿಲ್ಲ. ನಿನ್ನೆ ನಿಮ್ಮತ್ತೆಯನ್ನು ಮೆಲ್ಲಗೆ ಕೇಳಿದೆ: "ಹುಡುಗೀನ ನಾಕು ದಿನ ಕಳ್ಸಿ ಅಕ್ಕಾರೆ."

"ಚಪ್ಲಿ ಮೆಟ್ಕಂಡು ಗೇಟಲ್ಲಿ ನಿಂತು ಕರದ್ರೆ ಕಳ್ಸಕಾಯ್ತದಾ? ಕರಿಯಕ್ಕೆ ಅಂತ್ಲೇ ಬನ್ನಿ, ಮಡಿಲಕ್ಕಿ ತಕ್ಕಂಡು. ಆದ್ರೆ ಅವಳು ತವರಿಗೋದ್ಮೇಲೆ ಗೇಟು ತಗಿಯೋರು ಯಾರು? ಬೆಟ್ಟಕ್ಕೂ ರಜಾನೇ."

ಅಳಿಯಂದಿರು ಪಕ್ಕದಲ್ಲೇ ಇದ್ದರು. ಅನಿಲ್‌ಕುಮಾರರ ಗುಣ ನಿನಗೇ ಗೊತ್ತಲ್ಲ, ಅವರಮ್ಮ ಮಳೆ ಅಂದರೆ ಬಿಸಿಲಲ್ಲೂ ಕೊಡೆ ಬಿಡಿಸುತ್ತಾರೆ.

ತವರಿನವರು ಬಂದು ಕರೆಯದೆ ಹೆಣ್ಣು ಹೊಸಲು ದಾಟಬಾರದು. ನಾನು ವಾರವಾರ ಬಂದರೂ ಬಂದ ಲೆಕ್ಕಕ್ಕಿಲ್ಲ. ಕರೆಯೋಕೆ ಬಂದರೆ ಗೇಟಿಲ್ಲ; ಗೇಟಿಲ್ಲದಿದ್ದರೆ ನಿನ್ನ ತಮ್ಮ ಅಭಿಷೇಕನ ಕಾಲೇಜಿಲ್ಲ, ನಮ್ಮ ಒಲೆಯಿಲ್ಲ. ಯಾವ ಕಡೆಯಿಂದ ಕೂಡಿದರೂ ನಿನ್ನನ್ನೇ ಕಳೆಯಬೇಕಾಗುತ್ತೆ.

ಬರೋ ಭಾನುವಾರಕ್ಕೂ ವ್ಯಾನು ಭರ್ತಿ. ಅದೊಂದು ಮುಗಿಯಲಿ, ಅಕ್ಕಿ ಬೆಲ್ಲ ಕಟ್ಟಿಕೊಂಡು ಬರ್ತೀನಿ. ಹೋದ ತಿಂಗಳೂ ಹೀಗೇ ಅಂದುಕೊಂಡಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮಡಿಲು ತಂಪಾಗಿರಲಿ.

ಇತಿ ನಿನ್ನ ಅವ್ವ,
ದೀಪಶ್ರೀ

ಮರೆತ ವಿಷಯ: ಬರೆಯೋದು ಮರೆತಿದ್ದೆ ಅಂತ ಸುಳ್ಳು ಹೇಳಲ್ಲ. ನಿನ್ನೆ ಬೆಟ್ಟ ಇಳಿದು ಎಲ್ಲರೂ ವ್ಯಾನು ಹತ್ತಿದ ಮೇಲೆ ತಲೆ ಎಣಿಸಿದೆ, ಒಂದು ಹೆಚ್ಚಿಗೆ ಬಂತು. ಹಿಂದಿನ ಸೀಟಿನಲ್ಲಿ ಯಾರದೋ ಟೋಪಿ ಹಾಕಿಕೊಂಡು ನೀನು ಕೂತಿದ್ದೆ. ನಾನೇ ಕೈ ಹಿಡಿದು ಇಳಿಸಿದೆ. "ಇಂಗೆಲ್ಲ ಬರಬಾರ್ದು ಕಣವ್ವ, ನಾನೇ ಬಂದು ಕರೀತೀನಿ" ಅಂದೆ. ನೀನು ಟೋಪಿ ಕೊಟ್ಟೆ, ಮುಂದೆ ಹೋಗಿ ನಮ್ಮ ವ್ಯಾನು ದಾಟಲಿ ಅಂತ ಗೇಟು ತೆಗೆದು ಹಿಡಿದುಕೊಂಡೆ.