ಇಪ್ಪತ್ತರ ಸಾಲು ಹೋಯ್ತು!

ಲೋ ಗೂಬೆ ತಮ್ಮಾ,

ಎದ್ದ ತಕ್ಷಣ ಕಂಪ್ಯೂಟರ್ ನೋಡು. ಯಾರು ಬೇಕಾದರೂ ತಿದ್ದಬಹುದಾದ ಆ ಆನ್‌ಲೈನ್ ವಿಶ್ವಕೋಶದಲ್ಲಿ ನಿನ್ನ ಸಿಕಲ್ ಸೆಲ್ ರಕ್ತದ ಕಾಯಿಲೆಯ ಪುಟ ತೆರೆದಿಟ್ಟೇ ಹೋಗ್ತಿದ್ದೀನಿ. "ಈ ರೋಗಿಗಳು ಇಪ್ಪತ್ತು ದಾಟುವುದಿಲ್ಲ" ಅಂತ ಏಳನೇ ಕ್ಲಾಸಲ್ಲಿ ಓದಿ, ಇಷ್ಟು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡು ಮೊನ್ನೆ ನನ್ನ ಹತ್ತಿರ ಬಾಯಿಬಿಟ್ಟೆಯಲ್ಲ, ಆ ಸಾಲು ಹುಡುಕು ನೋಡೋಣ. ಇಲ್ಲ! ನಿನ್ನೆ ನಾನೇ ಕಿತ್ತೆಸೆದೆ. ಬೆಳಗ್ಗೆ ನೋಡಿದರೂ ಯಾರೂ ವಾಪಸ್ ಹಾಕಿಲ್ಲ!

ಮೊದಲ ಸಲ ಎಡವಟ್ಟು ಮಾಡಿಕೊಂಡಿದ್ದೆ. "ಇದು ಸುಳ್ಳು, ನನ್ನ ತಮ್ಮನಿಗೆ ಇಪ್ಪತ್ತೊಂದು, ಕೇರಂನಲ್ಲಿ ದಿನಾ ನನ್ನನ್ನು ಸೋಲಿಸುತ್ತಾನೆ" ಅಂತ ಬರೆದಿದ್ದೆ. ಯಾರೋ ಪುಣ್ಯಾತ್ಮ ಅರ್ಧ ಗಂಟೆಯಲ್ಲಿ ಅಳಿಸಿ, "ಸ್ವಂತ ತಮ್ಮನನ್ನು ಆಧಾರವಾಗಿ ಕೊಡುವಂತಿಲ್ಲ" ಅಂತ ಬುದ್ಧಿ ಹೇಳಿದ. ಮೈ ಉರಿದುಹೋಯ್ತು. ಆಮೇಲೆ ನಾನು ಕೆಲಸ ಮಾಡೋ ಲ್ಯಾಬಿನ ಡಾಕ್ಟರಮ್ಮನ ಹತ್ತಿರ ಪುಸ್ತಕ ಇಸ್ಕೊಂಡು, ಪುಟದ ನಂಬರ್ ಸಮೇತ ಬರೆದೆ: "ಸರಿಯಾದ ಚಿಕಿತ್ಸೆ ಸಿಕ್ಕರೆ ಹಲವರು ಐವತ್ತು ದಾಟಿಯೂ ಬದುಕುತ್ತಾರೆ." ಜೋರಾಗಿ ಓದು, ಅಮ್ಮನಿಗೂ ಕೇಳಿಸಲಿ. ತನ್ನಿಂದ, ಅಪ್ಪನಿಂದಲೇ ನಿನಗೆ ಬಂತು ಅಂತ ಇನ್ನೂ ಕೊರಗ್ತಾಳೆ.

ಮಾತ್ರೆ ಫ್ರಿಜ್ ಮೇಲಿದೆ. ನಾನು ಬರುವಷ್ಟರಲ್ಲಿ ನೀರಿನ ಬಾಟಲಿ ಖಾಲಿಯಾಗಿರಬೇಕು. ಗಿಡಕ್ಕೆ ಸುರಿದರೆ ಗೊತ್ತಾಗುತ್ತೆ.

ಕೀಬೋರ್ಡ್ ಕೆಳಗೆ ಮೂರು ವರ್ಷದ ಕೋರ್ಸಿನ ಅರ್ಜಿ ಇದೆ, ನೀನು ಮುದುರಿ ಕಸದ ಬುಟ್ಟಿಗೆ ಹಾಕಿದ್ದೆಯಲ್ಲ, ಅದೇ. ಇಸ್ತ್ರಿ ಮಾಡಿದ್ದೀನಿ. ಇವತ್ತೇ ತುಂಬು. "ಇಪ್ಪತ್ತಾದ ಮೇಲೆ ಎಲ್ಲ ಬೋನಸ್ ಕಣೇ, ಮೂರು ವರ್ಷ ಯಾರು ಕಂಡಿದ್ದಾರೆ" ಅಂತ ಮತ್ತೆ ಶುರು ಮಾಡಿದರೆ, ಆಧಾರ ಕೇಳ್ತೀನಿ.

ಅಕ್ಕ